ಧೂಮ್ರದ್ವೀಪದಲ್ಲಿ ಶುಭ ಕೋರುವವರು

ಕಾಯಿಯನ್ನು ಅಟ್ಟದ ಮೇಲೆ ಹಾಕಿ, ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗದಿದ್ದರೆ ಅದು ತನ್ನಷ್ಟಕ್ಕೆ ತಾನೇ ಕೊಬ್ಬರಿಯಾಗುತ್ತದೆ. ಇದು ತಿಪಟೂರು ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನೊಣವಿನಕೆರೆಯ ಹಾಲಸ್ವಾಮಿ ಇದೇ ನಿಯಮವನ್ನು ಸಾಹಿತ್ಯಕ್ಕೂ ಹಚ್ಚಲು ಹೋಗಿ ಕೆಟ್ಟ. ತಾನೇ ಬರೆದು ತಾನೇ ಅಚ್ಚು ಹಾಕಿಸಿದ ‘ಧೂಮ್ರದ್ವೀಪ’ ಎಂಬ ಮಾಯಾಲೋಕದ ಮಹಾಕಾದಂಬರಿಯ ಐದೂ ಭಾಗಗಳನ್ನು, ಭಾಗಕ್ಕೆ ಇನ್ನೂರು ಪ್ರತಿಯಂತೆ ಅಟ್ಟಕ್ಕೇರಿಸಿ ನಾಲ್ಕು ವರ್ಷ ಕಾದ. ಕಾಯಿಯಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಸಲ ಕೊಬ್ಬರಿಯಾಗಿರುತ್ತಿತ್ತು. ಕಾದಂಬರಿ ಕಾದಂಬರಿಯಾಗಿಯೇ ಉಳಿದಿತ್ತು. ಮೂರನೆಯ ಭಾಗದ ಕಟ್ಟಿನಲ್ಲಿ ಮಾತ್ರ ಇಲಿ ಮರಿ ಹಾಕಿತ್ತು.

ಹಾಗಂತ ಪುಸ್ತಕವನ್ನು ಹೊಗಳುವವರಿಗೇನೂ ಬರವಿರಲಿಲ್ಲ. ಬಸ್‌ ಸ್ಟ್ಯಾಂಡಿನಲ್ಲಿ, ಡೇರಿಯ ಮುಂದೆ, ಮದುವೆ ಮನೆಯ ಎರಡನೇ ಪಂಕ್ತಿಯಲ್ಲಿ ಸಿಕ್ಕವರೆಲ್ಲ “ಅದ್ಭುತವಾಗಿ ಬರ್ದಿದ್ದೀರಾ ಸಾರ್” ಎನ್ನುತ್ತಿದ್ದರು. ನಮ್ಮಲ್ಲಿ ಪುಸ್ತಕವನ್ನು ಬೈಯಬೇಕಾದರೆ ಓದಿರಬೇಕು. ಹೊಗಳುವುದಕ್ಕೆ ಆ ಕಷ್ಟವಿಲ್ಲ. ಹಾಲಸ್ವಾಮಿಯೂ ಕಡಿಮೆ ಆಸಾಮಿಯಲ್ಲ. ಡ್ರ್ಯಾಗನ್ ಎಂದು ಬರೆದರೆ ಜನಕ್ಕೆ ಅರ್ಥವಾಗಿಬಿಡುತ್ತದೆಂದು ಹೆದರಿ ‘ಉರಗವಿಹಂಗ’ ಎಂದು ಬರೆದಿದ್ದ. ಎರಡೆಕರೆ ತೆಂಗಿನ ತೋಟದ ಒಡೆಯನೊಬ್ಬನಿಗೆ ಇಷ್ಟು ಸಂಸ್ಕೃತ ಎಲ್ಲಿಂದ ಬಂತು ಎಂದು ಮರಗಳೇ ಬೆರಗಾಗಿದ್ದವು. ಮರಗಳಿಗೆ ನೀರು ಬಿಡುವುದನ್ನು ಅವನು ಮರೆತಿದ್ದರಿಂದ ಹೆಚ್ಚು ದಿನ ಬೆರಗಾಗಿರಲು ಅವಕ್ಕೂ ಶಕ್ತಿ ಇರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಹೆಂಡತಿ ವಿಮಲಮ್ಮ ಏಣಿಯ ಕೆಳಗೆ ನಿಂತು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ರೀ, ನಾಲ್ಕು ವರ್ಸದಿಂದ ನಮ್ಮ ಕಾಯಿ ನಮ್ಮಣ್ಣನ ಅಟ್ಟದಾಗೆ ಐತೆ. ನಮ್ಮತ್ತಿಗೆ ಬಾಯ್ಬಿಟ್ಟು ಬಾಡಿಗೆ ಕೇಳೋದೊಂದೇ ಬಾಕಿ. ದೀಪಾವಳಿ ಆದ್ಮೇಲೆ ಕಾಯಿ ಕೀಳ್ಸೋದು. ಅಷ್ಟರೊಳಗೆ ಈ ಪುಸ್ತಕ ಇಳೀಬೇಕು.”

“ಅದು ಬರೀ ಪುಸ್ತಕ ಅಲ್ಲ ಕಣೇ. ಒಂದು ಲೋಕ!”

“ಲೋಕ ಆದ್ರೆ ಹೊರಗಿರ್ಲಿ. ಅಟ್ಟದಾಗ್ಯಾಕೆ?”

“ಓದೋರು ಬರ್ತಾರೆ. ಕಾಯ್ಬೇಕು.”

“ಬರ್ಲಿ. ನಾನೇನು ಸಾವಿರ ಜನ ಕೇಳಲ್ಲ. ಒಬ್ರು ಸಾಕು. ಮನೆಯೋರು ಲೆಕ್ಕಕ್ಕಿಲ್ಲ, ನೆಂಟ್ರು ಲೆಕ್ಕಕ್ಕಿಲ್ಲ. ಹೊರಗಿನೋರು ಒಬ್ರು ನಿಮ್ಮ ಕತೆ ಓದವ್ರೆ ಅಂತ ತೋರಿಸ್ರಿ. ಕಾಯಿನ ನಾನು ಮಲಗೋ ಕ್ವಾಣೆಗೇ ಸುರ್ಕೊತೀನಿ. ಇಲ್ದಿದ್ರೆ ದೀಪಾವಳಿ ಕಳೆದ ಸೋಮವಾರ ಗುಜರಿ ಹುಚ್ಚಣ್ಣನ ಆಟೋ ಬತ್ತದೆ. ತೂಕಕ್ಕೆ ಹಾಕಿ ಕಳಿಸ್ತೀನಿ.”

ಪಿಯುಸಿ ಓದುತ್ತಿದ್ದ ಮಗಳು ಲಿಖಿತಾ ತಲೆ ಬಾಚಿಕೊಳ್ಳುತ್ತಲೇ ಪರಿಹಾರ ಹೇಳಿದಳು. “ಅಪ್ಪಾ, ಎರಡು ಸಾವಿರ ಪುಟ ಯಾರು ಓದ್ತಾರೆ? ಗ್ರಾಫಿಕ್ ನಾವೆಲ್ ಮಾಡ್ಸು. ಎಲ್ಲಾ ಚಿತ್ರದಲ್ಲೇ ಇರುತ್ತೆ. ಯಾರಾದ್ರೂ ಮಾತಾಡಿದ್ರೆ ಬಾಯಿ ಪಕ್ಕ ಒಂದು ಗುಳ್ಳೆ, ಅದರೊಳಗೆ ಮಾತು. ಜನ ಅರ್ಧ ಗಂಟೇಲಿ ಓದಿ ಮುಗಿಸ್ತಾರೆ.”

ಏಳು ವರ್ಷ ಬರೆದಿದ್ದನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ ಎಂಬುದು ಹಾಲಸ್ವಾಮಿಗೆ ಮೊದಲು ಅವಮಾನವೆನಿಸಿತು. ಆಮೇಲೆ ಹುಚ್ಚಣ್ಣನ ತಕ್ಕಡಿ ಕಣ್ಮುಂದೆ ತೂಗಿತು. ಐದೂ ಭಾಗಗಳನ್ನು ಬಟ್ಟೆಯ ಚೀಲಕ್ಕೆ ತುಂಬಿಕೊಂಡು ಒಂಬತ್ತೂಕಾಲರ ಬಸ್ಸಿಗೆ ತಿಪಟೂರಿಗೆ ಹೊರಟ.

*

ತಿಪಟೂರಿನಲ್ಲಿ ‘ಗ್ರಾಫಿಕ್ಸ್’ ಎಂದು ಬೋರ್ಡಿದ್ದ ಅಂಗಡಿ ಒಂದೇ: ಆಲಿಯಾ ಡಿಜಿಟಲ್ ಗ್ರಾಫಿಕ್ಸ್ ಅಂಡ್ ಫ್ಲೆಕ್ಸ್. ಮಾಲೀಕ ಜಾವೀದ್. ಊರಿನಲ್ಲಿ ಯಾರು ಹುಟ್ಟಿದರೂ, ಗೆದ್ದರೂ, ಸತ್ತರೂ ಅವನ ಯಂತ್ರದಿಂದ ಉದ್ದಕ್ಕೆ ಸುರುಳಿ ಬಿಚ್ಚಿಕೊಂಡೇ ಹೊರಗೆ ಬರಬೇಕು. ಜಾವೀದನ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ನಮೂನೆ. ಮೇಲೆ ದೊಡ್ಡ ಮುಖಂಡರ ಸಾಲು, ನಡುವೆ ದೊಡ್ಡ ಚಿತ್ರ, ಕೆಳಗೆ ‘ಶುಭ ಕೋರುವವರು’ ಎಂದು ಬರೆದು ಬಿಲ್ಲೆಯಾಕಾರದ ಮುಖಗಳು. ಹುಟ್ಟುಹಬ್ಬಕ್ಕೂ ಅದೇ, ಗೃಹಪ್ರವೇಶಕ್ಕೂ ಅದೇ. ನಡುವಿನದನ್ನು ಬದಲಿಸಿದರೆ ಮುಗಿಯಿತು. ಒಮ್ಮೆ ಹನ್ನೊಂದನೇ ದಿನದ ಶ್ರದ್ಧಾಂಜಲಿಯ ಕೆಳಗೂ ‘ಶುಭ ಕೋರುವವರು’ ಹಾಗೇ ಉಳಿದು, ಯಾರೂ ಗಮನಿಸಿರಲಿಲ್ಲ. ತಮ್ಮ ಮುಖ ಇದೆಯೇ ಎಂದು ನೋಡುವುದು ಬಿಟ್ಟರೆ ಫ್ಲೆಕ್ಸಿನಲ್ಲಿ ಬೇರೇನನ್ನು ಯಾರು ನೋಡುತ್ತಾರೆ?

“ಬನ್ನಿ ಸಾರ್. ಎಷ್ಟು ಅಡಿ?” ಎಂದ ಜಾವೀದ್.

“ಅಡಿ ಅಲ್ಲಪ್ಪ, ಪುಟ.”

“ಬರ್ತ್‌ಡೇನೋ, ತಿಥಿನೋ?”

“ಯುದ್ಧ.”

ಜಾವೀದನ ಬೆರಳು ನಿಂತಿತು. “ಯುದ್ಧಕ್ಕೆ ಶುಭ ಕೋರೋರು ಯಾರ್ ಸಾರ್?”

ಹಾಲಸ್ವಾಮಿ ಉಸಿರು ಬಿಗಿಹಿಡಿದು ಧೂಮ್ರದ್ವೀಪದ ಯುವರಾಜ ಪ್ರಚಂಡಕೇತು, ರಾಣಿ ಮೇಘಾಂಬಿಕೆ, ಊರು ಸುಡುವ ಉರಗವಿಹಂಗ ಎಲ್ಲವನ್ನೂ ವಿವರಿಸಿದ. ಕೊನೆಗೆ ಜಾವೀದ್ “ಅಂದ್ರೆ ರೆಕ್ಕೆ ಇರೋ ಹಲ್ಲಿ” ಎಂದು ಒಂದೇ ಮಾತಿನಲ್ಲಿ ಬಗೆಹರಿಸಿದ.

ಅಂಗಡಿಯ ಹಿಂದುಗಡೆ ಸ್ಟೂಲಿನ ಮೇಲೆ ಕೂತಿದ್ದ ಜಾವೀದನ ಅಪ್ಪ ಕರೀಂ ಸಾಬರು ಎದ್ದು ಬಂದರು. ನಲವತ್ತು ವರ್ಷ ಈ ಸೀಮೆಯ ಲಾರಿಗಳ ಹಿಂದೆ ಹುಲಿ, ಹದ್ದು, ತಾಯಿ ಮಗು ಬರೆದ ಕೈ ಅದು. ಫ್ಲೆಕ್ಸ್ ಬಂದಮೇಲೆ ಕುಂಚಗಳೆಲ್ಲ ಗಾಜಿನ ಬಾಟಲಿಯಲ್ಲಿ ಒಣಗಿ ನಿಂತಿದ್ದವು.

“ಚಿತ್ರ ನಾನು ಬರೀತೀನಿ ಸ್ವಾಮಿ. ಇವ್ನು ಬಣ್ಣ ತುಂಬಿ ಜೋಡಿಸ್ಲಿ. ಆದ್ರೆ ಕತೆ ಗೊತ್ತಿಲ್ದೆ ಬರೆಯಕ್ಕಾಗಲ್ಲ. ಚೀಲ ಇಲ್ಲೇ ಬಿಟ್ಟೋಗಿ.”

“ಐದು ಭಾಗ ಐತೆ ಸಾಬ್ರೆ. ಕಷ್ಟ ಆಗ್ತದೆ. ಸಾರಾಂಶ ಬೇಕಾದ್ರೆ ಬರ್ಕೊಡ್ತೀನಿ.”

“ಸಾರಾಂಶಕ್ಕೆ ಬಾಲ ಎಷ್ಟುದ್ದ ಅಂತ ಗೊತ್ತಾಗುತ್ತಾ? ಬಿಟ್ಟೋಗಿ ಅಂದೆ.”

*

ಶ್ರಾವಣದಲ್ಲಿ ಮೊದಲ ಚಿತ್ರ ತಯಾರಾಯಿತು. ಉರಿಯುವ ನಗರ, ನಡುವೆ ಕಿರೀಟ ತೊಟ್ಟ ಯುವರಾಜ, ಮೇಲೆ ಆಕಾಶವನ್ನೇ ಹೊದ್ದುಕೊಂಡಂತೆ ರೆಕ್ಕೆ ಬಿಚ್ಚಿದ ಉರಗವಿಹಂಗ. ಕರೀಂ ಸಾಬರು ಹತ್ತು ವರ್ಷದ ಒಣ ಹಸಿವನ್ನೆಲ್ಲ ಆ ಬಾಲಕ್ಕೆ ಸುರಿದಿದ್ದರು. ಜಾವೀದ್ ಅದನ್ನು ಸ್ಕ್ಯಾನ್ ಮಾಡಿ, ಅಭ್ಯಾಸಬಲದಿಂದ ತನ್ನ ಆ ಒಂದೇ ನಮೂನೆಯ ನಡುವಿಗೆ ತಂದು ಕೂರಿಸಿ, ಕೆಳಗಿನದನ್ನು ತೆಗೆಯಲು ಮರೆತ.

ಕೆಳಗಿದ್ದದ್ದು ಚಿಕ್ಕರಂಗಯ್ಯನ ಹುಟ್ಟುಹಬ್ಬದ ಸಾಲು. ಚಿಕ್ಕರಂಗಯ್ಯ ಅಂದರೆ ಹಾಲಿನ ಸಂಘದ ಮಾಜಿ ಅಧ್ಯಕ್ಷ, ಐವತ್ತೆಂಟು ವರ್ಷದ ಯುವ ಮುಖಂಡ. ಅವನು ತನ್ನ ಫ್ಲೆಕ್ಸ್ ಒಯ್ಯಲು ಅಂಗಡಿಗೆ ಬರುವುದಕ್ಕೂ, ಹಾಲಸ್ವಾಮಿ ಮೊದಲ ಚಿತ್ರ ನೋಡಲು ಬರುವುದಕ್ಕೂ ಸರಿಹೋಯಿತು. ಪರದೆಯ ಮೇಲೆ ನಗರ ಹೊತ್ತಿ ಉರಿಯುತ್ತಿತ್ತು. ಬುಡದಲ್ಲಿ ಚಿಕ್ಕರಂಗಯ್ಯ ಕೈಮುಗಿದು ನಗುತ್ತಿದ್ದ.

“ಇದ್ಯಾವುದ್ಲಾ ಜಾವೀದಾ?”

“ಅದು ಪುಸ್ತಕ ಅಣ್ಣ. ಮಿಸ್ಟೇಕಾಗಿ ನಿಮ್ಮ ಫೋಟೊ...”

“ಪುಸ್ತಕನಾ? ಪುಸ್ತಕದಾಗೆ ನನ್ನ ಫೋಟೊನಾ?” ಚಿಕ್ಕರಂಗಯ್ಯ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. “ಮೂವತ್ತು ವರ್ಸ ಸಮಾಜಸೇವೆ ಮಾಡ್ದೆ ಕಣ್ಲಾ. ಕಂಬಕ್ಕೆ ಕಟ್ಟಿದ್ರು, ಗಾಳಿ ಬಂದಾಗ ಬಿಚ್ಚಿ ಬಣವೆಗೆ ಹೊದಿಸಿದ್ರು. ಪುಸ್ತಕದಾಗೆ ಇಲ್ಲೀಗಂಟ ಯಾವನೂ ಹಾಕಿರ್ಲಿಲ್ಲ.” ಅವನು ತಿರುಗಿ ಹಾಲಸ್ವಾಮಿಯ ಎರಡೂ ಕೈ ಹಿಡಿದುಕೊಂಡ. “ಹಾಲಸ್ವಾಮಣ್ಣ, ಐವತ್ತು ಪ್ರತಿ ನಂಗೆ ಇರ್ಲಿ.”

ತೆಗೆಸುವುದಕ್ಕೆಂದು ಬಾಯಿ ತೆರೆದಿದ್ದ ಹಾಲಸ್ವಾಮಿ ಬಾಯಿ ಮುಚ್ಚಿದ. ವಿಮಲಮ್ಮ ಕೇಳಿದ್ದು ಒಬ್ಬ ಓದುಗನನ್ನು. ಇಲ್ಲಿ ಒಂದೇ ಏಟಿಗೆ ಐವತ್ತು! ಪುಸ್ತಕ ತೆಗೆದುಕೊಳ್ಳುವುದಕ್ಕೂ ಓದುವುದಕ್ಕೂ ನಡುವೆ ಹೊಳೆ, ಹಳ್ಳ, ಕಾಡು ಎಲ್ಲ ಇದೆ ಎಂಬುದು ಎರಡು ಸಾವಿರ ಪುಟ ಬರೆದವನ ತಲೆಗೆ ಹೊಳೆಯಲಿಲ್ಲ.

“ಇರ್ಲಿ ಬುಡು ಜಾವೀದ್. ಒಂದು ಫೋಟೊದಿಂದ ಕತೆಗೇನು ಕಮ್ಮಿಯಾಗಲ್ಲ” ಎಂದ.

*

ಸುದ್ದಿ ಸಂಜೆಯೊಳಗೆ ಗಂಗಯ್ಯನ ಕಿವಿಗೆ ಬಿತ್ತು. ಗಂಗಯ್ಯನೆಂದರೆ ಹಾಲಿನ ಸಂಘದ ಹಾಲಿ ಅಧ್ಯಕ್ಷ. ಚಿಕ್ಕರಂಗಯ್ಯನನ್ನು ಮಾಜಿ ಮಾಡಿದವನೇ ಅವನು. ಮಾರನೇ ದಿನ ಆಲಿಯಾ ಡಿಜಿಟಲ್‌ನ ಮುಂದೆ ಬೈಕು ನಿಲ್ಲಿಸುವಷ್ಟರಲ್ಲೇ, ಒಳಗೆ ಕೂತಿದ್ದ ಹಾಲಸ್ವಾಮಿಯನ್ನು ಕಂಡು ಕೂಗಿದ.

“ಏನ್ರೀ ಹಾಲಸ್ವಾಮಿ, ಅವ್ನಿರೋ ಪುಸ್ತಕದಾಗೆ ನಾನಿಲ್ಲ ಅಂದ್ರೆ ಅದು ಸಾಹಿತ್ಯ ಹೆಂಗ್ರೀ ಆಯ್ತದೆ?”

ವಿಮರ್ಶೆಯಲ್ಲಿ ಇದಕ್ಕೆ ಉತ್ತರವಿಲ್ಲ. ಗಂಗಯ್ಯನಿಗೂ ಒಂದು ಬಿಲ್ಲೆ ಬಂತು. ಗಂಗಯ್ಯ ಜೇಬಿನಿಂದ ಅಳತೆಪಟ್ಟಿ ತೆಗೆದು ಪರದೆಗೆ ಹಿಡಿದ. ಚಿಕ್ಕರಂಗಯ್ಯನ ಮುಖ ಒಂದು ಕಾಳಿನಷ್ಟು ದೊಡ್ಡದಿತ್ತು. ಗಂಗಯ್ಯನನ್ನು ಹಿಗ್ಗಿಸಿದರು. ಚಿಕ್ಕರಂಗಯ್ಯ ಬಂದು ತಾನೂ ಹಿಗ್ಗಿದ. ಇಬ್ಬರೂ ಹಿಗ್ಗಲು ಜಾಗ ಬೇಕಲ್ಲ? ನಗರದ ಎಡಗಡೆಯ ಕೋಟೆಯನ್ನು ಕೆಡವಿದರು. ಏಳು ದಿನ ಉರಗವಿಹಂಗ ಬಡಿದರೂ ಬೀಳದಿದ್ದ ಕೋಟೆ ಅದು.

ಆಮೇಲೆ ಗಂಗಯ್ಯನ ಕಣ್ಣು ಚಿತ್ರದ ನಡುವಿಗೆ ಹೋಯಿತು. “ಅದ್ಸರಿ. ಮಧ್ಯದಾಗೆ ಅಷ್ಟು ದೊಡ್ಡದಾಗಿ ನಿಂತವ್ನಲ್ಲ, ಯಾರ್ರೀ ಅವ್ನು? ಕಿರೀಟ ಬೇರೆ ಹಾಕವ್ನೆ. ಯಾವಾಗ ಆಯ್ತು ಸನ್ಮಾನ?”

“ಅವನು ಪ್ರಚಂಡಕೇತು. ಯುವರಾಜ.”

“ಯಾರ ಮಗ?”

“ರಾಜನ ಮಗ.”

“ರಾಜ ಹಾಲಿನೋ ಮಾಜಿನೋ?”

“ಮೊದಲನೇ ಭಾಗದಲ್ಲಿ ಹಾಲಿ. ಎರಡನೇ ಭಾಗದಲ್ಲಿ ಸಾಯ್ತಾನೆ.”

“ಹಂಗಾದ್ರೆ ಅನುಕಂಪದ ಓಟು” ಎಂದು ಗಂಗಯ್ಯ ತಲೆದೂಗಿದ. “ಹುಷಾರಾಗಿರ್ಬೇಕು ಇಂಥೋನ ಹತ್ರ. ಎಲ್ಲಾ ಸರಿ, ಹೆಗಲ ಮ್ಯಾಲಿರೋ ಶಾಲು ಯಾವ ಬಣ್ಣ?”

ಶಾಲಿನ ಬಣ್ಣಕ್ಕೆ ಒಂದು ವಾರ ಹಿಡಿಯಿತು. ಒಂದು ಬಣ್ಣ ಹಚ್ಚಿದರೆ ಒಂದು ಪಕ್ಷದವರು ಫೋನು ಮಾಡುತ್ತಿದ್ದರು, ಇನ್ನೊಂದು ಹಚ್ಚಿದರೆ ಇನ್ನೊಂದು ಪಕ್ಷದವರು ನೇರವಾಗಿ ಬರುತ್ತಿದ್ದರು. ದೇವರು ಕೊಟ್ಟ ಬಣ್ಣಗಳನ್ನೆಲ್ಲ ನಮ್ಮ ಜನ ಎಂದೋ ಪಾಲು ಮಾಡಿಕೊಂಡು ಮುಗಿಸಿದ್ದಾರೆ. ಯಾರೂ ಮುಟ್ಟದೆ ಉಳಿದಿದ್ದು ಬೂದಿ ಬಣ್ಣ ಒಂದೇ. ಕೊನೆಗೆ ಪ್ರಚಂಡಕೇತು ಬೂದಿ, ಅವನ ಸೈನ್ಯ ಬೂದಿ, ಶತ್ರುಸೈನ್ಯವೂ ಬೂದಿ. ಯಾರು ಯಾರನ್ನು ಕೊಲ್ಲುತ್ತಿದ್ದಾರೆಂದು ಬರೆದವನಿಗೇ ತಿಳಿಯದಾಯಿತು.

ಕರೀಂ ಸಾಬರು ಮಾತ್ರ ಹಿಂದೆ ಕೂತು ದಿನಕ್ಕೆರಡರಂತೆ ಚಿತ್ರ ಬರೆಯುತ್ತಲೇ ಇದ್ದರು. ಮುಂದುಗಡೆ ಜಾವೀದ್ ಅವನ್ನು ದಿನಕ್ಕೆ ಮೂರರಂತೆ ಕತ್ತರಿಸುತ್ತಿದ್ದ. ಚಿಕ್ಕನಾಯಕನಹಳ್ಳಿಯಿಂದ, ತುರುವೇಕೆರೆಯಿಂದ, ದಂಡಿನಶಿವರದಿಂದ ಫೋಟೊಗಳು ವಾಟ್ಸಾಪಿನಲ್ಲಿ ಬಂದು ಬೀಳುತ್ತಿದ್ದವು. ಪ್ರತಿ ಫೋಟೊದ ಹಿಂದೆ ಹತ್ತು ಪ್ರತಿ, ಇಪ್ಪತ್ತು ಪ್ರತಿ. ಹಾಲಸ್ವಾಮಿ ಪ್ರತಿಯೊಂದನ್ನೂ ‘ಓದುಗರು’ ಎಂದು ಬೆರಳು ಮಡಚಿ ಎಣಿಸುತ್ತಿದ್ದ.

ಒಂದು ದಿನ ಸಾಬರು ಎದ್ದು ಬಂದು ಪರದೆ ನೋಡಿದರು. ಉರಗವಿಹಂಗ ಕುಗ್ಗಿ ಕುಗ್ಗಿ ಮೂಲೆಗೆ ಸರಿದು, ಯಾರದೋ ಕಿವಿಯ ಪಕ್ಕ ಅಂಟಿಕೊಂಡಿತ್ತು.

“ಜಾವೀದ್, ನಾನ್ ಬರೆದಿದ್ದು ಬೆಂಕಿ. ಇದು ಬೀಡಿ.”

“ಅಬ್ಬಾಜಾನ್, ಜಾಗ ಇಲ್ಲ. ಇವ್ರು ತಾಲ್ಲೂಕು ಪಂಚಾಯ್ತಿ.”

“ಆ ಹಾವು ಯಾಕೆ ಉರಿತೈತೆ ಅಂತ ಗೊತ್ತಾ ನಿಂಗೆ? ಅದರ ಮೊಟ್ಟೆ ಕದ್ದವ್ರೆ ಕಣೋ!”

“ಯಾರು, ತಾಲ್ಲೂಕು ಪಂಚಾಯ್ತಿಯವ್ರಾ?” ಎಂದ ಜಾವೀದ್, ತಲೆಯೆತ್ತದೆ.

ಸಾಬರು ಹಾಲಸ್ವಾಮಿಯ ಕಡೆ ತಿರುಗಿದರು. “ನೀವಾದ್ರೂ ಹೇಳಿ ಸ್ವಾಮಿ. ನಿಮ್ಮ ಹಾವಲ್ವಾ?”

“ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು ಸಾಬ್ರೆ. ಮುನ್ನೂರು ಓದುಗರು ಆಗವ್ರೆ” ಎಂದ ಹಾಲಸ್ವಾಮಿ. ಸಾಬರು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಸ್ಟೂಲಿಗೆ ಮರಳಿದರು.

*

ಬಿಡುಗಡೆ ಸಮಾರಂಭಕ್ಕೆ ತಾಲ್ಲೂಕು ಸಾಂಸ್ಕೃತಿಕ ಪ್ರೋತ್ಸಾಹ ಸಮಿತಿಯ ಸಭಾಂಗಣ ಬೇಕಾಗಿತ್ತು. ಸಭಾಂಗಣ ಬೇಕೆಂದರೆ ಆ ಸಮಿತಿಯ ಗುಮಾಸ್ತ ದುರ್ಗಯ್ಯನ ಟೇಬಲ್ಲು ದಾಟಬೇಕಾಗಿತ್ತು. ಆ ಟೇಬಲ್ಲನ್ನು ಜೀವಸಹಿತ ದಾಟಿದವರು ವಿರಳ. ದುರ್ಗಯ್ಯ ಪುಸ್ತಕದ ಕರಡನ್ನು ಕೆಂಪು ಪೆನ್ನು ಹಿಡಿದು ನೋಡಿದ.

“ಒಂಬತ್ತನೇ ಪುಟ. ಇವನೊಬ್ಬ ಸಿಂಹಾಸನದ ಮೇಲೆ ಕೂತವ್ನೆ, ಜನಪ್ರತಿನಿಧಿಗಳು ಕೆಳಗಿದ್ದಾರೆ. ಶಿಷ್ಟಾಚಾರ ಉಲ್ಲಂಘನೆ ಆಗ್ತದೆ ಕಣ್ರೀ.”

“ಅವನು ರಾಜ ಸಾರ್.”

“ರಾಜರಿಗೆ ನಮ್ಮ ಪಟ್ಟೀಲಿ ಸ್ಥಾನ ಇಲ್ಲ. ಬೇಕಾದ್ರೆ ‘ವಿಶೇಷ ಆಹ್ವಾನಿತರು’ ಅಂತ ಕೊನೇ ಸಾಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಕೊಡಿ.” ಪುಟ ತಿರುವಿದ. “ಇದೇನು, ಏಕ್‌ದಂ ಯುದ್ಧ ಶುರುವಾಗೋಯ್ತು? ಪ್ರಾರ್ಥನೆ ಎಲ್ಲಿ? ಸ್ವಾಗತ ಯಾರು? ದೀಪ ಬೆಳಗಿಸೋದು?”

“ಊರೇ ಹೊತ್ತಿ ಉರೀತಾ ಐತಲ್ಲ ಸಾರ್!”

“ಉರಿಯೋದು ಬೇರೆ, ಗಣ್ಯರು ಬೆಳಗಿಸೋದು ಬೇರೆ.” ದುರ್ಗಯ್ಯ ಒಂದು ಮಾತಿನ ಗುಳ್ಳೆಯ ಮೇಲೆ ಪೆನ್ನಿಟ್ಟ. “ಈ ರಾಕ್ಷಸ ‘ಹಹ್ಹಹ್ಹಾ, ಎಲ್ಲರನ್ನೂ ನುಂಗುತ್ತೇನೆ’ ಅಂತಾನೆ. ಅದೇ ಪುಟದಲ್ಲಿ ಗಣ್ಯರ ಭಾವಚಿತ್ರ. ‘ಎಲ್ಲರನ್ನೂ’ ಅಂದ್ರೆ ಯಾರನ್ನ? ನಾಳೆ ನನ್ನ ತಲೆಗೆ ಬರುತ್ತೆ. ‘ಎಲ್ಲರಿಗೂ ನಮಸ್ಕಾರ’ ಅಂತ ತಿದ್ದಿ.”

ತಿದ್ದಿದರು. ರಾಕ್ಷಸ ಕತ್ತಿ ಎತ್ತಿ ಎಲ್ಲರಿಗೂ ನಮಸ್ಕಾರ ಎಂದ. ಪ್ರಚಂಡಕೇತು ಅವನಿಗೆ ಹಾರ ಹಾಕಿ ಬರಮಾಡಿಕೊಂಡ. ಮೂರನೇ ಭಾಗದ ಮಹಾಯುದ್ಧ ವಂದನಾರ್ಪಣೆಯೊಂದಿಗೆ ಮುಕ್ತಾಯವಾಯಿತು. ಒಬ್ಬನಿಗೂ ಗಾಯವಾಗಲಿಲ್ಲ, ಕತೆಯೊಂದನ್ನು ಬಿಟ್ಟು.

*

ದೀಪಾವಳಿಗೆ ಮುಂಚಿನ ಭಾನುವಾರ ಬಿಡುಗಡೆಯಾಯಿತು. ಅರವತ್ತನಾಲ್ಕು ಪುಟದ ‘ಧೂಮ್ರದ್ವೀಪ: ಚಿತ್ರಕಾದಂಬರಿ’ಯ ಐನೂರು ಪ್ರತಿ ಮುಕ್ಕಾಲು ಗಂಟೆಯಲ್ಲಿ ಖಾಲಿ. ಕನ್ನಡ ಪುಸ್ತಕಕ್ಕೆ ಜನ ಮೊಣಕೈಯಲ್ಲಿ ತಿವಿದಾಡಿದ್ದನ್ನು ತಿಪಟೂರು ಅಂದೇ ನೋಡಿದ್ದು. ಬಂದವರೆಲ್ಲ ನಿಂತಲ್ಲೇ ಪುಟ ಹುಡುಕಿ, ಬೆರಳಿಟ್ಟು, ಪುಸ್ತಕದ ಜೊತೆ ತಮ್ಮ ಇನ್ನೊಂದು ಫೋಟೊ ಹೊಡೆಸಿಕೊಂಡರು. ಕರೀಂ ಸಾಬರು ಬಂದಿರಲಿಲ್ಲ. ಹಾಲಸ್ವಾಮಿ ಅದನ್ನು ಗಮನಿಸಲಿಲ್ಲ. ಕೊರಳಲ್ಲಿದ್ದ ಹನ್ನೊಂದು ಹಾರಗಳ ಮೇಲಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ.

ಹಾರ ಹಾಕಿಕೊಂಡೇ ಅವನು ಚಿಕ್ಕರಂಗಯ್ಯ, ಗಂಗಯ್ಯ, ದುರ್ಗಯ್ಯ ಮೂವರನ್ನೂ ಕಾರಿನಲ್ಲಿ ತುಂಬಿಕೊಂಡು ನೊಣವಿನಕೆರೆಗೆ ಬಂದ.

“ಒಬ್ರು ಕೇಳಿದ್ಯಲ್ಲೇ ವಿಮಲಾ? ನೋಡು, ಐನೂರು! ಸ್ಯಾಂಪಲ್ಲಿಗೆ ಮೂವರು!”

ವಿಮಲಮ್ಮ ಬಂದವರಿಗೆಲ್ಲ ಕಾಫಿ ಕೊಟ್ಟಳು. ಲೋಟ ತುಟಿಗೆ ತಾಗುವ ಹೊತ್ತಿಗೆ ಕೇಳಿದಳು: “ಸಂತೋಷ. ರಾಣಿ ಮೇಘಾಂಬಿಕೆ ಯಾಕೆ ತವರಿಗೆ ಹೋದ್ಲು?”

ಮೂರು ಲೋಟಗಳೂ ಗಾಳಿಯಲ್ಲಿ ನಿಂತವು.

“ನಂದು ಹದಿನಾಲ್ಕನೇ ಪುಟ ತಾಯಿ” ಎಂದ ಚಿಕ್ಕರಂಗಯ್ಯ. “ಕಣ್ಣಿಗೆ ಕಟ್ಟಿದಂಗೈತೆ.”

“ಪುಟ ಸರಿ ಅಣ್ಣ. ಕತೆ?”

“ಕತೆ ಯಾವ ಪುಟದಾಗೈತೆ?”

“ನಾನೂ ಅದನ್ನೇ ಕೇಳಿದ್ದು. ಗಂಗಯ್ಯನೋರೆ, ನೀವು?”

ಗಂಗಯ್ಯ ಸಿಟ್ಟಿನಲ್ಲಿದ್ದ. “ಒಂದೇ ಪುಟದಾಗೆ ಇಬ್ರೂ ಹಿಡಿಸ್ಲಿಲ್ಲ ಅಂತ ನನ್ನ ಹದಿನೈದಕ್ಕೆ ಹಾಕವ್ರೆ ಕಣಮ್ಮ. ಪುಸ್ತಕ ಮುಚ್ಚಿದ್ರೆ ಇವ್ನ ಮುಖ ಬಂದು ನನ್ನ ಮುಖಕ್ಕೆ ಒತ್ತಿಕೊಳ್ತದೆ! ಮನೇಲಿ ತೆಗೆದೇ ಇಡ್ಬೇಕು. ಇಲ್ಲಾ ಅಂದ್ರೆ ಹರೀಬೇಕು. ಓದೋ ಮನಸ್ಸು ಎಲ್ಲಿಂದ ಬರ್ಬೇಕು?”

“ದುರ್ಗಯ್ಯನೋರು ಪೂರ್ತಿ ತಿದ್ದವ್ರೆ!” ಎಂದ ಹಾಲಸ್ವಾಮಿ, ಮುಳುಗುವವನ ದನಿಯಲ್ಲಿ.

“ತಿದ್ದಿದ್ದೀನಿ ಕಣ್ರೀ, ಓದಿಲ್ಲ” ಎಂದ ದುರ್ಗಯ್ಯ ಗಂಭೀರವಾಗಿ. “ಇಲಾಖೇಲಿ ಎರಡೂ ಒಬ್ಬರೇ ಮಾಡಂಗಿಲ್ಲ.”

ವಿಮಲಮ್ಮ ಲೋಟಗಳನ್ನು ಎತ್ತಿಕೊಂಡಳು. “ಹಬ್ಬ ಕಳೆದ ಸೋಮವಾರ ಹುಚ್ಚಣ್ಣ ಬತ್ತಾನೆ” ಎಂದಷ್ಟೇ ಹೇಳಿ ಒಳಗೆ ಹೋದಳು.

*

ದೀಪಾವಳಿ ಕಳೆದ ಸೋಮವಾರ ಹುಚ್ಚಣ್ಣನ ಆಟೋ ಬಂತು. ಅದು ಬರುವಾಗಲೇ ಅರ್ಧ ತುಂಬಿತ್ತು. ಹಾಲಸ್ವಾಮಿ ಇಣುಕಿ ನೋಡಿದ. ಆಟೋದ ತುಂಬ ಅವನದೇ ಚಿತ್ರಕಾದಂಬರಿಗಳು.

“ಹಬ್ಬದ ಕ್ಲೀನಿಂಗ್ ಅಲ್ವಾ ಅಣ್ಣ, ಊರೂರಿಂದ ಬಂದವೆ” ಎಂದ ಹುಚ್ಚಣ್ಣ. “ಹೊಸಾ ಮಾಲು. ಎಲ್ಲದ್ರಾಗೂ ಒಂದೊಂದೇ ಹಾಳೆ ಕಡಿಮೆ. ಇದ್ರಾಗೆ ಹದಿನಾಲ್ಕಿಲ್ಲ, ಇದ್ರಾಗೆ ನಲವತ್ತಿಲ್ಲ. ಅವರವರ ಹಾಳೆ ಕಿತ್ಕೊಂಡು ಗಾಜಿನ ಕಟ್ಟು ಹಾಕಿಸವ್ರೆ. ಮಿಕ್ಕಿದ್ದು ನಂಗೆ.”

ವಿಮಲಮ್ಮ ಏಣಿ ಹಾಕಿಸಿದಳು. ಮೊದಲನೇ ಭಾಗ ಇಳಿಯಿತು, ಎರಡನೇ ಭಾಗ ಇಳಿಯಿತು. ಮೂರನೇ ಭಾಗ ಇಲಿಗಳ ಸಮೇತ ಇಳಿಯಿತು. ಹುಚ್ಚಣ್ಣ ತಕ್ಕಡಿಗೆ ಕೊಕ್ಕೆ ಸಿಕ್ಕಿಸಿದ. ಹಾಲಸ್ವಾಮಿ ಜಗಲಿಯ ಮೇಲೆ, ಸ್ವಂತ ಹೆಣವನ್ನು ಕಾಯುತ್ತಿರುವವನಂತೆ ಕೂತಿದ್ದ.

ಆಗ ಬೀದಿಯ ತುದಿಯಿಂದ ಕರೀಂ ಸಾಬರು ಬಂದರು. ಬಸ್ಸಿಳಿದು ನಡೆದ ಏದುಸಿರು, ಹೆಗಲಿಗೆ ಬಟ್ಟೆಯ ಚೀಲ, ಮುಖ ಕೆಂಡ. ನಮಸ್ಕಾರ ಇಲ್ಲ, ಏನಿಲ್ಲ. ಚೀಲದಿಂದ ಐದನೇ ಭಾಗ ತೆಗೆದು ಜಗಲಿಯ ಮೇಲೆ ಕುಟ್ಟಿದರು.

“ಏನ್ರೀ ಇದು? ಹಿಂಗಾ ಮುಗಿಸೋದು? ನಾಚಿಕೆ ಆಗ್ಬೇಕು ನಿಮಗೆ! ಆ ಹಾವಿನ ಮೊಟ್ಟೆಗೋಸ್ಕರ ಐದು ಭಾಗ ಓಡಾಡ್ದೆ ನಾನು. ನಮ್ಮನೆಯೋಳು ರಹಮತುನ್ನೀಸಾ ಮೂರ್ ಹೊತ್ತೂ ಬೈತಾಳೆ, ನಿದ್ದೆಗೆಟ್ಟು ಓದ್ತೀಯ ಅಂತ. ಕೊನೇಗೆ ನೋಡಿದ್ರೆ ಮೊಟ್ಟೆ ವಿಷಯನೇ ಮರ್ತಿದ್ದೀರ! ಮೊಟ್ಟೆ ಎಲ್ರೀ?”

ಹಾಲಸ್ವಾಮಿಗೆ ಯಾವ ಮೊಟ್ಟೆ ಎಂದು ತಕ್ಷಣ ನೆನಪಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಪುಸ್ತಕವನ್ನು ಒಬ್ಬರು ಬೈಯುತ್ತಿದ್ದರು.

ವಿಮಲಮ್ಮ ಏಣಿಯಿಂದ ಕೈ ತೆಗೆದಳು. “ಸಾಬ್ರೆ, ಒಂದು ನಿಮಿಷ. ರಾಣಿ ಮೇಘಾಂಬಿಕೆ ಯಾಕೆ ತವರಿಗೆ ಹೋದ್ಲು?”

“ಹೋಗ್ದೆ ಏನ್ಮಾಡ್ತಾಳೆ ತಾಯಿ?” ಸಾಬರ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಗಂಡ ಅನ್ನಿಸ್ಕೊಂಡೋನು ಮೂರು ವರ್ಸ ಉಪ್ಪರಿಗೆ ಮ್ಯಾಲೆ ಕೂತು ನಕ್ಷತ್ರ ಎಣಿಸ್ತಿದ್ದ. ಕೆಳಗೆ ಕಣಜಕ್ಕೆ ಇಲಿ ಬಿದ್ದಿತ್ತು. ಅವ್ಳು ಹೋಗಿದ್ದೇ ಸರಿ. ವಾಪಸ್ ಬಂದಿದ್ದು ತಪ್ಪು.”

ವಿಮಲಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿದಳು. ಆಮೇಲೆ ಹುಚ್ಚಣ್ಣನ ಕಡೆ ತಿರುಗಿದಳು. “ತಕ್ಕಡಿ ಬಿಚ್ಚಪ್ಪ. ಎಲ್ಲಾನೂ ಮ್ಯಾಲಕ್ಕೆ ಹತ್ಸು. ಮಾತು ಅಂದ್ರೆ ಮಾತು.”

ಹಾಲಸ್ವಾಮಿ ಎದ್ದು ನಿಂತ. ಎದೆ ಉಬ್ಬಿತು, ಕನ್ನಡಕ ಮೇಲಕ್ಕೆ ಹೋಯಿತು. ಬಾಯಿಗೆ ಒಂದು ಭಾಷಣವೇ ಬಂದಿತ್ತು. ಅಷ್ಟರಲ್ಲಿ ಸಾಬರು ಚೀಲದಿಂದ ನಾಲ್ಕನೇ ಭಾಗ ತೆಗೆದರು. ಅದರ ತುಂಬ ಬೀಡಿ ಕಟ್ಟಿನ ಕಾಗದದ ಗುರುತುಗಳು.

“ಅದಿರ್ಲಿ. ಎರಡನೇ ಭಾಗದಾಗೆ ಮರುದ್ವೇಗ ಅನ್ನೋ ಕುದುರೆ ವಿಷದ ಬಾಣ ತಗಲಿ ಸಾಯ್ತದೆ. ಇಪ್ಪತ್ತು ಪುಟ ಅತ್ತಿದ್ದೀರ, ನನ್ನೂ ಅಳಿಸಿದ್ದೀರ. ನಾಲ್ಕನೇದ್ರಾಗೆ ಅದೇ ಕುದುರೆ ಹೆಂಗ್ರೀ ಓಡ್ತದೆ?”

“ಅದು... ಅದು ಬೇರೆ ಕುದುರೆ ಸಾಬ್ರೆ” ಎಂದ ಹಾಲಸ್ವಾಮಿ.

“ಬೇರೆ ಅಲ್ಲ” ಎಂದಳು ವಿಮಲಮ್ಮ. “ಅದರ ಮರಿ. ಮೂರನೇ ಭಾಗದಾಗೆ ಲಾಯದ ಮುದುಕಿ ಒಂದು ಮರಿ ಬಚ್ಚಿಡ್ತಾಳಲ್ಲ, ಅದು. ಇವ್ರು ಅದಕ್ಕೆ ಹೆಸರಿಡೋದು ಮರೆತು ಅಪ್ಪನ ಹೆಸರೇ ಬರೆದವ್ರೆ.”

ಹಾಲಸ್ವಾಮಿ ಹೆಂಡತಿಯ ಕಡೆ ತಿರುಗಿದ. “ವಿಮಲಾ... ನೀನು ಓದಿದ್ಯಾ?”

“ಐದೂ. ಎರಡು ಸಲ.”

“ಮತ್ತೆ ಗುಜರಿಗೆ ಹಾಕು ಅಂದ್ಯಲ್ಲೇ?”

“ಓದಿದ್ದಕ್ಕೇ ಅಂದಿದ್ದು.”

“ಮರಿ ಅಂದ್ರೆ ಒಪ್ಪಲ್ಲ ತಾಯಿ” ಸಾಬರು ಜಗಲಿಯ ಮೇಲೆ ಕೂತೇಬಿಟ್ಟರು. “ನಾಲ್ಕನೇದ್ರಾಗೆ ಓಡೋ ಕುದುರೆ ಹಣೇಲಿ ಬಿಳಿ ಮಚ್ಚೆ ಐತೆ, ಮರಿಗೆ ಇರ್ಲಿಲ್ಲ. ಮುದುಕಿ ನೋಡಿ ಹೇಳ್ತಾಳೆ, ಅಪ್ಪಟ ಕಪ್ಪು ಅಂತ. ನಾನು ಹಂಗೇ ಬರೆದಿದ್ದೀನಿ.”

“ಆ ಮುದುಕಿಗೆ ಕಣ್ಣು ಕಾಣ್ತಿರ್ಲಿಲ್ಲ ಸಾಬ್ರೆ. ಅದೇ ಪುಟದಾಗೆ ಕಂಬಕ್ಕೆ ಎಡವ್ತಾಳೆ.”

“ಹೌದಲ್ಲ! ಕತ್ಲು ಅಂತ ಎಡವಿದ್ಲು ಅನ್ಕೊಂಡಿದ್ದೆ.”

“ಹಗಲು. ಪಕ್ಕದಾಗೇ ಕೋಳಿ ಮೇಯ್ತಾ ಇರ್ತವೆ ನೋಡಿ.”

ಹುಚ್ಚಣ್ಣ ಹೊತ್ತಿದ್ದ ಕಟ್ಟನ್ನು ಏಣಿಯ ಮೂರನೇ ಮೆಟ್ಟಿಲ ಮೇಲಿಟ್ಟು, “ಕುದ್ರೆ ಕೊನೇಗೆ ಬದುಕ್ತಾ ಅಕ್ಕ?” ಎಂದು ಕೇಳಿ, ಉತ್ತರಕ್ಕೆ ಕಾದು ನಿಂತ.

ಹಾಲಸ್ವಾಮಿ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಇಬ್ಬರ ನಡುವೆ ಕೈಯೆತ್ತಿದ. “ನೋಡಿ, ಆ ಸಂದರ್ಭದಲ್ಲಿ ಲೇಖಕನಾಗಿ ನನ್ನ ಆಶಯ ಏನಿತ್ತು ಅಂದ್ರೆ...”

“ನೀವು ಸುಮ್ಕಿರ್ರೀ” ಎಂದಳು ವಿಮಲಮ್ಮ. “ಓದಿದೋರು ಮಾತಾಡ್ತಾ ಇದ್ದೀವಿ.”